ಲೋಹಕರ್ಣನ ಮೂರೂವರೆ ಅಂಕ

ಬಾಣಸವಾಡಿಯ ಕೆಂಪರಾಜನ ಕಿವಿಯ ಬಗ್ಗೆ ಎರಡು ಅಭಿಪ್ರಾಯಗಳಿರಲಿಲ್ಲ. ಇದ್ದದ್ದು ಒಂದೇ, ಅದು ಸ್ವತಃ ಕೆಂಪರಾಜನದು. ಈ ಮಾತನ್ನು ಈಗ ಅವನೇ ಎದುರಿಗೆ ಸಿಕ್ಕಿದವರಿಗೆಲ್ಲ ಹೇಳಿ ಹೊಟ್ಟೆ ಕುಲುಕಿಸಿಕೊಂಡು ನಗುತ್ತಾನೆ. ಹೋದ ಆಷಾಢದವರೆಗೆ ಇದರಲ್ಲಿ ನಗುವಂಥದ್ದೇನೂ ಅವನಿಗೆ ಕಂಡಿರಲಿಲ್ಲ.

ಅವನಿಗೆ ಐವತ್ತೈದು. ಅಪ್ಪ ಮುನಿಆಂಜನಪ್ಪ ಬಾಣಸವಾಡಿ ಇನ್ನೂ ಹಳ್ಳಿಯಾಗಿದ್ದಾಗ ಸೊಪ್ಪು, ಮೂಲಂಗಿ ಬೆಳೆದು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹಾಕುತ್ತಿದ್ದವರು. ಮೂಲಂಗಿ ಬೆಳೆದ ಜಾಗದಲ್ಲಿ ಈಗ ಕೆಂಪರಾಜನ ಮೂರಂತಸ್ತಿನ ಮನೆ. ಮೇಲಿನ ಮಹಡಿ ಬಾಡಿಗೆಗೆ. ನಡುವಿನ ಮಹಡಿಯಲ್ಲಿ ಅವನೂ ಹೆಂಡತಿ ಸುಕನ್ಯಳೂ. ಕೆಳಗೆ ಶಟರ್ ಎಳೆದ ಗೋಡೌನು. ಗೋಡೌನಿನ ಮೇಲೆ 'ಆಂಜನೇಯ ಸೌಂಡ್ಸ್' ಎಂಬ ಬೋರ್ಡು. ಮದುವೆ, ಗಣೇಶನ ಕೂರಿಸುವುದು, ರಾಜ್ಯೋತ್ಸವ, ಪಲ್ಲಕ್ಕಿ, ಯಾವುದೇ ಇರಲಿ, ಕಪ್ಪು ಸ್ಪೀಕರುಗಳ ಗುಡ್ಡೆ ಅಲ್ಲಿಂದ ಹೊರಡುತ್ತಿತ್ತು. ಜೊತೆಗಾರ ಶಿವಾಜಿನಗರದ ಅಫ್ತಾಬ್. ಇಬ್ಬರೂ ಸೇರಿ ವ್ಯಾಪಾರ ಶುರು ಮಾಡಿ ಮೂವತ್ತೆರಡು ವರ್ಷವಾಗಿತ್ತು.

ಅಫ್ತಾಬನ ಪರಿಚಯವಾದದ್ದೂ ಕಿವಿಯಿಂದಲೇ. ಅವನ ಚಾಚಾನದು ಮಾರ್ಕೆಟ್ಟಿನ ಹಿಂದೆ ಒಂದು ಕ್ಯಾಸೆಟ್ ಅಂಗಡಿ. ಹದಿನಾರರ ಕೆಂಪರಾಜ ಅಪ್ಪನ ಹಿಂದೆ ಮೂಲಂಗಿ ಕಟ್ಟು ಹೊತ್ತು ಹೋಗುತ್ತಿದ್ದಾಗ ಆ ಅಂಗಡಿಯಿಂದ ಗಿಟಾರಿನ ಗುಡುಗು ಹೊರಬಿತ್ತು. ಹುಡುಗ ಹೊರೆ ಇಳಿಸುವುದನ್ನೂ ಮರೆತು ನಿಂತುಬಿಟ್ಟ. ಮುನಿಆಂಜನಪ್ಪನವರೂ ನಿಂತು, ಅರ್ಧ ನಿಮಿಷ ಶ್ರದ್ಧೆಯಿಂದ ಕೇಳಿ, "ಪಾಪ, ಯಾವನಿಗೋ ಹೊಟ್ಟೆನೋವು ಬಂದು ಅರಚ್ಕೊತಾವ್ನೆ. ನಡಿಯಲೇ," ಅಂದರು. ಮೆಟಲ್ ಸಂಗೀತದ ಬಗ್ಗೆ ಆ ಮನೆತನದ ಮೊದಲ ವಿಮರ್ಶೆ ಅದು. ಎರಡನೆಯದರಿಂದ ಮುಂದಿನವೆಲ್ಲ ಕೆಂಪರಾಜನವು.

ಇಂಟರ್‌ನೆಟ್ಟು ಬರುವತನಕ ಆ ವಿಮರ್ಶೆಗಳನ್ನೆಲ್ಲ ಅಫ್ತಾಬ್ ಒಬ್ಬನೇ ತಡೆದುಕೊಳ್ಳಬೇಕಿತ್ತು. ಆಮೇಲೆ ಫೋನಿನಲ್ಲಿ ಕನ್ನಡದ ಮೆಟಲ್ ಕೇಳುಗರ ಬಳಗವೊಂದು ಹುಟ್ಟಿಕೊಂಡಿತು. ಸಾವಿರಾರು ಜನರ ಆ ಬಳಗಕ್ಕೆ ಕೆಂಪರಾಜ ತನ್ನ ಹೆಸರು ಬಿಟ್ಟು 'ಲೋಹಕರ್ಣ' ಎಂಬ ಹೆಸರಿನಲ್ಲಿ ಸೇರಿದ. ಹೆಸರು ಹೊಳೆದ ದಿನ ತನ್ನ ಬುದ್ಧಿಗೆ ತಾನೇ ಬೆರಗಾಗಿ ಎರಡು ಕಾಫಿ ಕುಡಿದಿದ್ದ. ಹೊಸ ಆಲ್ಬಂ ಬಂದಾಗಲೆಲ್ಲ ಲೋಹಕರ್ಣ ಉದ್ದಕ್ಕೆ ಬರೆದು ಕೊನೆಯಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದ. ಏಳಕ್ಕಿಂತ ಮೇಲೆ ಅವನ ಕೈಯಿಂದ ಬಿದ್ದದ್ದಿಲ್ಲ. ಜಾಸ್ತಿ ಕೊಟ್ಟರೆ ಸಂಗೀತಗಾರರು ಕೆಟ್ಟುಹೋಗುತ್ತಾರೆಂದು ಅವನ ನಂಬಿಕೆ. ಅವನ ಅಂಕದಿಂದ ಯಾವ ಸಂಗೀತಗಾರನೂ ಕೆಟ್ಟದ್ದಾಗಲಿ ಉದ್ಧಾರವಾದದ್ದಾಗಲಿ ಇಲ್ಲ ಎಂಬುದು ಬೇರೆ ಮಾತು.

ಹೋದ ಆಷಾಢದಲ್ಲಿ ಬಂದದ್ದು 'ತಾಮ್ರಪಕ್ಷಿ' ಎಂಬ ಬೆಂಗಳೂರಿನ ತಂಡದ ಮೊದಲ ಆಲ್ಬಂ, 'ಉಪ್ಪಿನ ಕೋಟೆ'. ಎಂಟು ಹಾಡು. ಸಿಂಫನಿಕ್ ಮೆಟಲ್ ಎನ್ನುವ ಜಾತಿಯದು: ಒಂದು ಕಡೆ ಗಿಟಾರು, ಡ್ರಮ್ಸುಗಳು ಬಂಡೆ ಉರುಳಿಸುತ್ತಿರುತ್ತವೆ, ಇನ್ನೊಂದು ಕಡೆ ಹತ್ತಾರು ಪಿಟೀಲು, ತುತ್ತೂರಿ, ಕೋರಸ್ಸು ಅರಮನೆಯ ದಿಬ್ಬಣದಂತೆ ಸಾಗುತ್ತವೆ, ಇವೆರಡನ್ನೂ ದಾಟಿ ಒಬ್ಬಳು ಹೆಣ್ಣುಮಗಳು ತಾರಕದಲ್ಲಿ ಹಾಡುತ್ತಾಳೆ. ಇಲ್ಲಿ ಹಾಡಿದವಳು ಪ್ರತಿಭಾ. ಗದಗದ ಬೆಟಗೇರಿಯ ಹುಡುಗಿ, ಕೆ.ಆರ್. ಪುರದ ಕಡೆ ಯಾವುದೋ ಆಫೀಸಿನಲ್ಲಿ ಕೆಲಸ.

ಬಳಗದಲ್ಲಿ ಎರಡೇ ದಿನಕ್ಕೆ ಅಭಿಪ್ರಾಯಗಳ ಸುರಿಮಳೆಯಾಯಿತು. ಎರಡನೆಯ ಹಾಡಿನ ಕೊನೆಯಲ್ಲಿ ಆಕೆ ಹಿಡಿದು ನಿಲ್ಲಿಸಿದ ಸ್ವರ ಕೇಳಿ ಕಣ್ಣಲ್ಲಿ ನೀರು ಬಂತು, ರೋಗಿಯೊಬ್ಬರು ಬಾಯಿ ತೆರೆದುಕೊಂಡೇ ಕಾಯಬೇಕಾಯಿತು ಎಂದು ಬೆನ್ಸನ್ ಟೌನಿನ ಹಲ್ಲಿನ ಡಾಕ್ಟರೊಬ್ಬರು ಬರೆದರು. ಪಿಟೀಲುಗಳು ಮೈಮೇಲೆ ಐಸ್ ಇಟ್ಟ ಹಾಗಿವೆ ಎಂದು ಇನ್ನೊಬ್ಬ. ಅಮ್ಮನಿಗೆ ಕೇಳಿಸಿದೆ, ಅಮ್ಮ ಸೀರಿಯಲ್ ಆಫ್ ಮಾಡಿದಳು ಎಂದು ಮತ್ತೊಬ್ಬಳು.

ಆಷಾಢದಲ್ಲಿ ಮದುವೆಗಳಿಲ್ಲ, ಸೌಂಡಿನವರಿಗೆ ಕೈತುಂಬ ಪುರುಸೊತ್ತು. ಕೆಂಪರಾಜ ಗೋಡೌನಿನಲ್ಲಿ ತನ್ನ ಅತ್ಯುತ್ತಮ ಸ್ಪೀಕರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತ. ಗಿಟಾರು ಎದೆಗೆ ಬಡಿಯಿತು. ಡ್ರಮ್ಸು ಕುರ್ಚಿಯ ಕಾಲು ಅದುರಿಸಿತು. ಹಾಡುಗಾರ್ತಿ ಕೆಳಗಿನ ಸ್ವರಗಳಲ್ಲಿ ಬಂದಳು, ಚೆನ್ನಾಗಿಯೇ ಬಂದಳು. ಮೇಲಕ್ಕೇರತೊಡಗಿದಳು. ಏರುತ್ತ ಏರುತ್ತ ಮೆಟ್ಟಿಲ ತಿರುವಿನಲ್ಲಿ ಯಾರೋ ಕಣ್ಮರೆಯಾದಂತೆ ಇಲ್ಲವಾದಳು. ಹಲ್ಲಿನ ಡಾಕ್ಟರರ ಕಣ್ಣೀರಿನ ಜಾಗ ಬಂತು. ಕೆಂಪರಾಜ ಮುಂದೆ ಬಾಗಿದ. ಅಲ್ಲಿ ಗಿಟಾರು ಬಿಟ್ಟರೆ ಏನೂ ಇರಲಿಲ್ಲ. ಮೂರು ಸಲ ಹಿಂದಕ್ಕೆ ಹಾಕಿ ಕೇಳಿದ. ಸಾವಿರಾರು ಜನ ಸೇರಿ ಇಲ್ಲದ ಸ್ವರವನ್ನು ಹೊಗಳುತ್ತಿದ್ದಾರೆ, ನಿಜ ಹೇಳುವ ಧೈರ್ಯ ಇರುವವನು ತಾನೊಬ್ಬನೇ ಎಂದು ಅವನಿಗೆ ಖಾತ್ರಿಯಾಯಿತು. ತನ್ನ ಜೀವಮಾನದಲ್ಲೇ ಅತ್ಯಂತ ಸಂತೋಷದಿಂದ ಬರೆದ ವಿಮರ್ಶೆ ಅದು ಎಂದು ಅವನು ಈಗ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾನೆ.

'ಗಿಟಾರ್ ಉಂಟು, ಡ್ರಮ್ಸ್ ಉಂಟು, ಹಾಡುಗಾರ್ತಿ ಎಲ್ಲಿ?' ಎಂದು ಲೋಹಕರ್ಣ ಶುರು ಮಾಡಿದ. 'ತಾರಕಕ್ಕೆ ಹೋದ ಕೂಡಲೇ ದನಿ ಮಾಯ. ಪಿಟೀಲುಗಳು ಕಂಬಳಿ ಹೊದ್ದು ಕೆಮ್ಮುತ್ತಿವೆ. ಮಿಕ್ಸಿಂಗ್ ಮಾಡಿದ ಮಹಾಶಯ ಕಿವಿಗೆ ಹತ್ತಿ ಇಟ್ಟುಕೊಂಡಿದ್ದನೇ? ಹತ್ತಕ್ಕೆ ಮೂರೂವರೆ. ಅದರಲ್ಲಿ ಮೂರು ಡ್ರಮ್ಮರನಿಗೆ.'

ಸಂಜೆಯೊಳಗೆ ಇನ್ನೂರು ಜನ ಮೆಚ್ಚಿದರು. ಕೆಂಪರಾಜ ಊಟಕ್ಕೆ ಕೂತಾಗಲೂ ಫೋನು ತಟ್ಟೆಯ ಪಕ್ಕದಲ್ಲೇ. ಆದರೆ ಮೆಚ್ಚಿದವರು ಯಾರು? 'ಸೂಪರ್ ಅಣ್ಣಾ, ಹೆಂಗಸ್ರಿಗೆ ಮೆಟಲ್ ಯಾಕೆ ಬೇಕು, ಭಜನೆ ಮಾಡ್ಲಿ' ಎಂದೊಬ್ಬ. 'ಮುಖ ನೋಡಿ ಲೈಕ್ ಹೊಡೆಯೋರ ಮಧ್ಯೆ ನೀವೊಬ್ರೇ ಗಂಡಸು' ಎಂದು ಮತ್ತೊಬ್ಬ. ಇನ್ನೂ ಕೆಲವು ಮಾತುಗಳನ್ನು ಸುಕನ್ಯಳ ಎದುರು ಓದಲು ಅವನಿಗೆ ನಾಚಿಕೆಯಾಯಿತು. ಅವನು ಹಾಗೇನೂ ಬರೆದಿರಲಿಲ್ಲ. ಅವನ ಮನಸ್ಸಿನಲ್ಲೂ ಅದಿರಲಿಲ್ಲ. ಆದರೆ 'ಹಾಗಲ್ಲಪ್ಪ' ಎಂದು ಒಂದು ಸಾಲು ಬರೆದರೆ ಇನ್ನೂರು ನೂರೈವತ್ತಾದೀತು ಎಂಬ ಅಳುಕು. ಬಂದವರಿಗೆಲ್ಲ ಮರ್ಯಾದೆ ಮಾಡುವ ಮದುವೆಮನೆಯ ಯಜಮಾನನಂತೆ ಒಂದೊಂದು ಮಾತಿನ ಕೆಳಗೂ ಹೆಬ್ಬೆಟ್ಟು ಒತ್ತುತ್ತ ಹೋದ.

ಅವುಗಳ ನಡುವೆ ಒಂದು ಬೇರೆ ಥರದ ಮಾತಿತ್ತು. ಬರೆದವರ ಹೆಸರು ಶರಣವ್ವ ಹೂಗಾರ. ಮುಖದ ಜಾಗದಲ್ಲಿ ದಾಸವಾಳದ ಹೂವು.

'ಅಣ್ಣಾರ, ನೀವು ಬರದದ್ದು ಓದಿದ್ನಿ. ನನಗ ಸಿಟ್ಟಿಲ್ರಿ. ಆದ್ರ ಒಮ್ಮೆ ಕಿವಿ ತೋರಿಸ್ಕೊರ್ರಿ. ನಮ್ಮ ಮನಿಯವರಿಗೂ ಹಿಂಗ ಆಗಿತ್ತು.'

ಕೆಂಪರಾಜನಿಗೆ ಕೆನ್ನೆಗೆ ಹೊಡೆದಂತಾಯಿತು. ಬೈದರೆ ಬೈಗುಳಕ್ಕೆ ಉತ್ತರ ಕೊಡಬಹುದು. ಇಷ್ಟು ತಣ್ಣಗೆ ಅವಮಾನ ಮಾಡುವುದೆಂದರೇನು? ಕೂತಲ್ಲೇ ಬರೆದ: 'ತಾಯಿ, ನಾನು ಮೂವತ್ತೆರಡು ವರ್ಷದಿಂದ ಸೌಂಡ್ ಬಿಸಿನೆಸ್ಸಲ್ಲಿದೀನಿ. ದಿನಾ ಸ್ಪೀಕರ್ ಪಕ್ಕದಲ್ಲೇ ನಿಂತು ಕೆಲಸ ಮಾಡಿರೋನು.'

ಐದು ನಿಮಿಷದಲ್ಲಿ ಉತ್ತರ ಬಂತು: 'ಅದಕ್ಕ ಹೇಳಿದ್ನಿರಿ.'

ಕೆಂಪರಾಜ ಫೋನು ಬೋರಲು ಹಾಕಿದ. ಅಡುಗೆಮನೆಯಿಂದ ಸುಕನ್ಯ ಏನೋ ಕೇಳಿದಳು. ಅವನು ಎಂದಿನಂತೆ "ಹ್ಞೂಂ" ಅಂದ. ಅವಳು ಕೇಳಿದ್ದು ಇನ್ನೊಂದು ಮುದ್ದೆ ಹಾಕಲೇ ಎಂದು. ಬೇಡದ ಮುದ್ದೆ ತಟ್ಟೆಗೆ ಬಿತ್ತು.

ಹದಿನೈದು ದಿನದ ಮೇಲೆ ಒಂದು ಫೋನು ಬಂತು. ಹಲಸೂರು ಕೆರೆಯ ಹತ್ತಿರದ ಒಂದು ಸಣ್ಣ ಹಾಲಿನಲ್ಲಿ ಶುಕ್ರವಾರ ಸಂಜೆ ಕಾರ್ಯಕ್ರಮ, ಸೌಂಡು ಬೇಕು. ಯಾರದ್ದು ಎಂದು ಕೇಳಿದರೆ 'ತಾಮ್ರಪಕ್ಷಿ'. ಆಷಾಢದಲ್ಲಿ ಮನೆಗೆ ಬಂದ ಕೆಲಸ. ಬೇಡವೆನ್ನಲು ಕಾರಣ ಹೇಳಬೇಕು. ಹೇಳಿದರೆ ಲೋಹಕರ್ಣ ಬಯಲಾಗುತ್ತಾನೆ. ಇನ್ನೊಂದು ಯೋಚನೆಯೂ ಬಂತು, ಅದೇ ಅವನನ್ನು ಕೆಡಿಸಿದ್ದು: ಆ ಹುಡುಗಿಯ ದನಿ ಹೇಗೆ ಕೇಳಿಸಬೇಕೆಂದು ಈ ಕೈಯಿಂದಲೇ ತೋರಿಸಿಕೊಡುತ್ತೇನೆ. "ಬರ್ತೀವಿ ಸಾರ್," ಅಂದ.

ಶುಕ್ರವಾರ ಮಧ್ಯಾಹ್ನ ಸ್ಪೀಕರು ಇಳಿಸಿ, ವೈರು ಎಳೆದು ಮುಗಿಸಿದ ಮೇಲೆ ಅಫ್ತಾಬ್ ನಮಾಜಿಗೆ ಹೊರಟ. "ಕೆಂಪು, ಮಿಕ್ಸರ್ ಮುಟ್ಬೇಡ. ಒಂದು ಗಂಟೆಲಿ ಬಂದ್ಬಿಡ್ತೀನಿ," ಎಂದು ಎರಡು ಸಲ ಹೇಳಿ ಹೋದ.

"ಏನೋ ಹಂಗಂದ್ರೆ? ನಂಗೇನು ಹೊಸದಾ ಮಿಕ್ಸರ್ರು?"

"ಹೊಸದಲ್ಲ. ಆದ್ರೂ ನಕ್ಕೋ, ಬೇಡ. ಕಾಯಿ."

ಮುಟ್ಟಬೇಡ ಎಂದ ಮೇಲೆ ಕೆಂಪರಾಜ ಮುಟ್ಟದೆ ಬಿಟ್ಟಾನೆಯೇ? ತಂಡ ಬಂತು, ಸೌಂಡ್ ಚೆಕ್ ಮಾಡೋಣವೇ ಎಂದಿತು. ಗಿಡ್ಡಗೆ, ಕನ್ನಡಕ ಹಾಕಿಕೊಂಡು, ಆಫೀಸಿನ ಬ್ಯಾಗು ಹೆಗಲಲ್ಲೇ ಇದ್ದ ಹುಡುಗಿ ಮೈಕಿನ ಮುಂದೆ ನಿಂತಳು. ಅವಳೇ ಪ್ರತಿಭಾ. ಮುಂದಿನ ಸಾಲಿನ ಕುರ್ಚಿಯಲ್ಲಿ ಹಸಿರು ಇಳಕಲ್ ಸೀರೆಯ ಹೆಂಗಸೊಬ್ಬರು ಮಡಿಲಲ್ಲಿ ಸ್ಟೀಲಿನ ಬುತ್ತಿ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಹುಡುಗಿ ಹಾಡತೊಡಗಿದಳು. ಮೇಲಕ್ಕೇರಿದಳು. ಕೆಂಪರಾಜನಿಗೆ ಮತ್ತದೇ, ತಿರುವಿನಲ್ಲಿ ಮಾಯ. ನೋಡು, ಇದಕ್ಕೇ ನಾನು ಬರೆದದ್ದು ಅಂದುಕೊಂಡು, ತಾರಕದ ಸ್ವರಗಳನ್ನು ಏರಿಸುವ ಟ್ರೆಬಲ್ಲಿನ ಗುಂಡಿ ತಿರುಗಿಸಿದ. ಸಾಲದು. ಇನ್ನೊಂದಿಷ್ಟು. ಇನ್ನೂ ಒಂದಿಷ್ಟು. ಈಗ ಏನೋ ಕೇಳಿಸುವ ಹಾಗಿದೆ ಅನ್ನಿಸಿ ಕಣ್ಣು ಮುಚ್ಚಿದ.

ಕಣ್ಣು ತೆರೆದಾಗ ಹುಡುಗಿ ಹಾಡುತ್ತಿರಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಬಗ್ಗಿದ್ದಳು. ಗಿಟಾರಿನವನು ಭುಜಕ್ಕೆ ಕಿವಿ ಒತ್ತಿಕೊಂಡಿದ್ದ. ಡ್ರಮ್ಮರು ಕೋಲು ಬಿಸಾಕಿ ತಲೆ ಹಿಡಿದುಕೊಂಡಿದ್ದ. ಬಾಗಿಲಲ್ಲಿದ್ದ ವಾಚ್‌ಮನ್ ಹೊರಗೆ ಓಡಿದ್ದ. ಮುಂದಿನ ಸಾಲಿನ ಹೆಂಗಸು ಸೆರಗನ್ನು ಕಿವಿಗೆ ತುರುಕಿಕೊಂಡು ನೇರವಾಗಿ ಇವನನ್ನೇ ನೋಡುತ್ತಿದ್ದರು. ಆ ಇಡೀ ಹಾಲಿನಲ್ಲಿ ಕೈ ಕೆಳಗೆ ಬಿಟ್ಟುಕೊಂಡು ನೆಟ್ಟಗೆ ನಿಂತವನು ಕೆಂಪರಾಜ ಒಬ್ಬನೇ.

"ಏನಾಯ್ತು?" ಎಂದು ಕೇಳಿದ. "ಯಾಕ್ ನಿಲ್ಸಿದ್ರಿ?"

ಪ್ರತಿಭಾಳ ತುಟಿ ಆಡಿತು. ಗಿಟಾರಿನವನು ಓಡಿಬಂದು ಗುಂಡಿಯನ್ನು ಎಡಕ್ಕೆ ತಿರುಗಿಸಿಬಿಟ್ಟ. ಎಲ್ಲರ ಕೈಗಳೂ ಒಟ್ಟಿಗೆ ಕೆಳಗಿಳಿದವು. ಅಲ್ಲಿಯತನಕ ಮೈಕು ಸೀಟಿ ಹೊಡೆಯುತ್ತಿತ್ತು. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ನುಗ್ಗಿದಾಗ ಬರುವ, ಸೂಜಿಯಂಥ ಸೀಟಿ. ಅದನ್ನು ಎಲ್ಲರಿಗಿಂತ ಮುಂಚೆ ಹಿಡಿಯುವುದೇ ಸೌಂಡಿನವನ ಕಸುಬು. ಅರ್ಧ ನಿಮಿಷ ಹಾಲೆಲ್ಲ ಸೀಳಿದರೂ ಅದು ಕೆಂಪರಾಜನ ಕಿವಿಯ ಹೊಸ್ತಿಲನ್ನೂ ತುಳಿದಿರಲಿಲ್ಲ.

ಆ ಹೆಂಗಸು ಡಬ್ಬಿ ಪಕ್ಕಕ್ಕಿಟ್ಟು ಎದ್ದು ಬಂದರು. "ಅಣ್ಣಾರ, ನಿಮಗ ಕೇಳಲಿಲ್ಲೇನ್ರಿ?"

ಆ ಮಾತಿನ ಧಾಟಿ ಕೆಂಪರಾಜನಿಗೆ ಗೊತ್ತಾಯಿತು. ದಾಸವಾಳದ ಹೂವು ಎದುರಿಗೇ ನಿಂತಿತ್ತು. "ಅವ್ವಾ, ನೀ ಕುಂದ್ರು. ನಾ ನೋಡ್ತೀನಿ," ಎಂದು ಪ್ರತಿಭಾ ಕೂಗಿದಾಗ ಉಳಿದದ್ದೂ ಗೊತ್ತಾಯಿತು. ಅವನು "ವೈರು ಲೂಸಿರ್ಬೇಕು," ಎಂದು ಗೊಣಗಿ ಸ್ಪೀಕರಿನ ಹಿಂದೆ ಹೋಗಿ ಕೂತುಬಿಟ್ಟ. ಸರಿಯಾಗಿಯೇ ಇದ್ದ ವೈರನ್ನು ಅಫ್ತಾಬ್ ಬರುವತನಕ ಬಿಚ್ಚಿ, ಸಿಕ್ಕಿಸಿ, ಬಿಚ್ಚಿ, ಸಿಕ್ಕಿಸಿ ಮಾಡುತ್ತಿದ್ದ.

ಅಫ್ತಾಬ್ ಬಂದು ಮಿಕ್ಸರ್ ನೋಡಿದ, ಇವನನ್ನು ನೋಡಿದ. ಗುಂಡಿಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಂದ.

"ನಿಂಗೆ ಗೊತ್ತಿತ್ತಾ?" ಕೆಂಪರಾಜ ಕೇಳಿದ.

"ಏನು?"

"ನನ್ ಕಿವಿ."

ಅಫ್ತಾಬ್ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಆರು ವರ್ಷ ಆಯ್ತು ಕೆಂಪು. ನೀನು ಸೆಟ್ ಮಾಡಿ ಕಾಫಿಗೆ ಹೋಗ್ತಿದ್ದೆ. ನಾನು ಟ್ರೆಬಲ್ ಇಳಿಸ್ತಿದ್ದೆ. ನೀನು ವಾಪಸ್ ಬಂದು 'ನೋಡು, ಹೆಂಗೆ ಕೂತಿದೆ' ಅಂತಿದ್ದೆ."

"ಹೇಳೋದಲ್ವೇನೋ?"

"ಯಾರಿಗೆ? ಲೋಹಕರ್ಣನಿಗಾ?"

ಮಿಕ್ಕ ದಿನಗಳಲ್ಲಾಗಿದ್ದರೆ ಈ ಮಾತಿಗೆ ದೊಡ್ಡ ಜಗಳವೇ ಆಗುತ್ತಿತ್ತು. ಅಂದು ಕೆಂಪರಾಜ ಸುಮ್ಮನೆ ಸ್ಪೀಕರಿನ ಪೆಟ್ಟಿಗೆಯ ಮೇಲೆ ಕೂತು ಕಾರ್ಯಕ್ರಮವೆಲ್ಲ ನೋಡಿದ. ಹೌದು, ನೋಡಿದ. ಹುಡುಗಿ ಏರುವಾಗ ಜನರ ಮುಖ ನೋಡುತ್ತಿದ್ದ. ಎರಡನೆಯ ಹಾಡಿನ ಕೊನೆಯಲ್ಲಿ ಅವನಿಗೆ ಗಿಟಾರು ಮಾತ್ರ ಕೇಳುತ್ತಿದ್ದಾಗ ಮುನ್ನೂರು ಮುಖಗಳು ಒಟ್ಟಿಗೆ ಮೇಲಕ್ಕೆದ್ದವು, ಆಕಾಶದಲ್ಲಿ ವಿಮಾನ ಹೋದರೆ ಏಳುತ್ತವಲ್ಲ, ಹಾಗೆ. ಮದುವೆಮನೆಯ ಎಲೆ ಹಾಕಿದ ಪಂಕ್ತಿಯಲ್ಲಿ ತನ್ನೊಬ್ಬನನ್ನೇ ಬಿಟ್ಟು ಬಡಿಸಿಕೊಂಡು ಹೋದರೆ ಹೇಗಿರುತ್ತದೆ?

ಕಾರ್ಯಕ್ರಮ ಮುಗಿದು ಜನ ಕರಗಿದ ಮೇಲೆ ಶರಣವ್ವ ಡಬ್ಬಿ ಬಿಚ್ಚಿ ತಂಡದವರಿಗೆಲ್ಲ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಹಂಚತೊಡಗಿದರು. ವೈರು ಸುತ್ತುತ್ತಿದ್ದ ಅಫ್ತಾಬನಿಗೂ ಕೊಟ್ಟರು, ಕೆಂಪರಾಜನಿಗೂ ಕೊಟ್ಟರು. ರೊಟ್ಟಿ ಕೈಯಲ್ಲಿ ಹಿಡಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. "ಅಮ್ಮಾ, ಅದನ್ನ ಬರ್ದಿದ್ದು ನಾನೇ. ಲೋಹಕರ್ಣ."

ಶರಣವ್ವ ಅವನನ್ನು ನರೆತ ಮೀಸೆಯಿಂದ ಬೂದು ಪ್ಯಾಂಟಿನತನಕ ನೋಡಿದರು. "ಹೌದೇನ್ರಿ? ಮೂವತ್ತೆರಡು ವರ್ಷ ಅನ್ನೂತನಕ ನಾ ಯಾರೋ ಕಾಲೇಜ್ ಹುಡುಗ ಅಂತ ತಿಳ್ಕೊಂಡಿದ್ನಿ."

ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಅವರ ಗಂಡ ಮಲ್ಲಪ್ಪ ಬೆಟಗೇರಿಯಲ್ಲಿ ಮೂವತ್ತು ವರ್ಷ ವಿದ್ಯುತ್ ಮಗ್ಗದಲ್ಲಿ ದುಡಿದವರು. ದಿನವಿಡೀ ಮಗ್ಗದ ಖಟಖಟ. ಮೊದಲು ಗುಬ್ಬಿಗಳ ದನಿ ಹೋಯಿತು, ಆಮೇಲೆ ಬಾಗಿಲ ಗಂಟೆ, ಆಮೇಲೆ ಮಕ್ಕಳ ಮಾತು. "ರೇಡಿಯೋ ಕೆಟ್ಟೈತಿ ಅಂತ ಮೂರು ರೇಡಿಯೋ ತಂದ್ರು. ಕಿವಿ ತೋರಿಸ್ಕೊರ್ರಿ ಅಂದ್ರ, ನಾನೇನು ಕಿವುಡ ಏನು ಅಂತ ಜಗಳಾ. ಪ್ರತಿಭಾ ಮುಂದ ಕುಂತು ಹಾಡಿದ್ರ, 'ಮ್ಯಾಲ ಹೋದಕೂಡ್ಲೆ ಯಾಕ ಬಾಯಿ ಸುಮ್ನ ಅಲ್ಲಾಡಿಸ್ತಿಯವ್ವಾ' ಅಂತಿದ್ರು. ಹಂಗ ಹೋಗಿಬಿಟ್ರು. ನೀವು ಬರದದ್ದು ಓದಿದ ಕೂಡ್ಲೆ ನನಗ ಅವರ ಮಾತು ಕೇಳಿದಂಗಾತು. ಅದಕ್ಕ ಬರದ್ನಿ."

ಕೆಂಪರಾಜ ರೊಟ್ಟಿಯನ್ನೇ ನೋಡುತ್ತ ಕೂತ. ಅಷ್ಟರಲ್ಲಿ ಪ್ರತಿಭಾ ಹತ್ತಿರ ಬಂದಿದ್ದಳು. ಅವಳು ತಾಯಿಯಷ್ಟು ಮೃದುವಾಗಿರಲಿಲ್ಲ.

"ಅಂಕಲ್, ಮೂರೂವರೆ ಕೊಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲ. ಕೇಳಿಸ್ಲಿಲ್ಲ, ಬರೆದ್ರಿ. ಆದ್ರೆ ಕೆಳಗೆ ಅವರೆಲ್ಲ ಏನೇನೋ ಬರೆದ್ರಲ್ಲ, ಅದು ನಿಮ್ಗೆ ಚೆನ್ನಾಗೇ ಕಾಣಿಸ್ತಿತ್ತು. ಒಂದೊಂದಕ್ಕೂ ಲೈಕ್ ಒತ್ತಿದೀರ. ನಮ್ಮ ಆಫೀಸಲ್ಲಿ ಎಲ್ರೂ ಅದನ್ನ ಓದಿದಾರೆ."

ಅವನು ಎದ್ದು ನಿಂತ. "ತಪ್ಪಾಯ್ತಮ್ಮ," ಎಂದದ್ದು ಅವನ ಕಿವಿಗೇ ಸರಿಯಾಗಿ ಕೇಳಿಸಲಿಲ್ಲ.

ಮುಂದಿನ ವಾರ ಸುಕನ್ಯಳೇ ಅವನನ್ನು ಬೆನ್ಸನ್ ಟೌನಿನ ಒಂದು ಕಿವಿಯ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಪರೀಕ್ಷೆ ಮಾಡುವ ರೇವತಿ ಎಂಬಾಕೆ ಅವನನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದಳು. ಮೊದಮೊದಲು ಪಟಪಟ ಒತ್ತಿದ. ಆಮೇಲೆ ಮಿಷನ್ನು ನಿಂತುಹೋಯಿತು. ಅವನು ಸೌಜನ್ಯದಿಂದ ಕಾದ. ಗಾಜಿನಾಚೆ ರೇವತಿ ಏನೋ ಬರೆಯುತ್ತಲೇ ಇದ್ದಳು. ಹೊರಗೆ ಬಂದು, "ಮೇಡಂ, ನಡುವೆ ನಿಮ್ಮ ಮಿಷನ್ ಆಫ್ ಆಗ್ಬಿಟ್ಟಿತ್ತು, ನೋಡ್ಲಿಲ್ವಾ? ಬೇಕಾದ್ರೆ ನಾನು ವೈರ್ ಚೆಕ್ ಮಾಡ್ಕೊಡ್ತೀನಿ," ಅಂದ.

"ಆಫ್ ಆಗಿರ್ಲಿಲ್ಲ ಸರ್," ಎಂದಳು ರೇವತಿ. "ಹದಿನೆಂಟು ಸಲ ಸೌಂಡ್ ಬಂತು."

ಕಾಗದದ ಮೇಲೆ ಅವನ ಕಿವಿಯ ಗೆರೆಯಿತ್ತು. ಎಡದಲ್ಲಿ, ಕೆಳಗಿನ ಸ್ವರಗಳ ಕಡೆ, ಸಮತಟ್ಟಾಗಿ ಹೊರಟು ನಡುವಿಗೆ ಬಂದದ್ದೇ ಮಕ್ಕಳ ಜಾರುಬಂಡೆಯಂತೆ ಕೆಳಗೆ ಬಿದ್ದಿತ್ತು. ಸುಕನ್ಯ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಬಸ್ ಸ್ಟಾಪಿನಲ್ಲಿ ನಿಂತು, ಗಟ್ಟಿಯಾಗಿ ಹೇಳಿದಳು: "ನಾನು ಇಷ್ಟು ವರ್ಷ, ಕೇಳಿಸ್ಕೊಂಡೂ ಸುಮ್ನಿರ್ತೀರ ಅಂದ್ಕೊಂಡಿದ್ದೆ ರೀ."

ಕೆಂಪರಾಜ ಆ ಕಾಗದವನ್ನು ಮಡಚಿ ಜೇಬಿಗಿಟ್ಟ. ಆದರೂ ಸ್ವಭಾವ ಬಿಡಬೇಕಲ್ಲ? "ಅರ್ಧ ಕೇಳಿಸ್ಕೊಂಡೂ ಸುಮ್ನಿರ್ತಿದ್ದೆ," ಅಂದ. ಅವಳು ನಕ್ಕು ಅವನ ಬೆನ್ನಿಗೆ ಗುದ್ದಿದಳು.

ಕಿವಿಯ ಹಿಂದೆ ಕೂರುವ ಎರಡು ಸಣ್ಣ ಮಿಷನ್ನುಗಳು ಬಂದವು. ಹಾಕಿಕೊಂಡ ಮೊದಲ ದಿನ ಲೋಕವೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದಂತೆ ಚರಚರ ಎನ್ನತೊಡಗಿತು. ನಲ್ಲಿ ಚೀರಿತು. ಸುಕನ್ಯಳ ಬಳೆಗಳು ಜಗಳವಾಡಿದವು. ನಡೆದರೆ ಚಪ್ಪಲಿ ಮಾತಾಡುತ್ತಿತ್ತು, ಇಷ್ಟು ವರ್ಷ ಅದೇನೇನು ಹೇಳುತ್ತಿತ್ತೋ. ಮಹಾ ಉತ್ಸಾಹದಲ್ಲಿ ಹಾಕಿಕೊಂಡೇ ಕೆ.ಆರ್. ಪುರಕ್ಕೆ ಹೊರಟವನು ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಹಾರ್ನುಗಳಿಗೆ ಸಿಕ್ಕಿ, ಎರಡನ್ನೂ ಕಿತ್ತು ಜೇಬಿಗೆ ಹಾಕಿ, ಕಿವುಡುತನವೂ ಒಂದು ಭಾಗ್ಯವೇ ಎಂದುಕೊಂಡು ವಾಪಸು ಬಂದ. ಸಂಗೀತವಂತೂ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ರೇವತಿ ಮುಂಚೆಯೇ ಹೇಳಿದ್ದಳು: "ಮುಂಚಿನ ಕಿವಿ ವಾಪಸ್ ಬರಲ್ಲ ಸರ್. ಮಿದುಳಿಗೆ ಅಭ್ಯಾಸ ಆಗ್ಬೇಕು. ಟೈಮ್ ಕೊಡಿ." ಎರಡು ಸಲ ಹೋಗಿ ಸರಿಮಾಡಿಸಿಕೊಂಡ. ದಿನಾ ಬೆಳಿಗ್ಗೆ ಗೋಡೌನಿನಲ್ಲಿ ಸಣ್ಣ ದನಿಯಲ್ಲಿ 'ಉಪ್ಪಿನ ಕೋಟೆ' ಹಾಕಿ ಕೂರುತ್ತಿದ್ದ. ಅಫ್ತಾಬ್ ಪಕ್ಕದಲ್ಲಿ ಕೂತು, "ಈಗ ಏರ್ತಾಳೆ... ಈಗ ಅಲ್ಲಿದಾಳೆ," ಎಂದು ಬೆರಳೆತ್ತಿ ತೋರಿಸುತ್ತಿದ್ದ.

ಐದನೆಯ ವಾರ, ಅಫ್ತಾಬನ ಬೆರಳು ಏಳುವ ಮುಂಚೆಯೇ ಕೆಂಪರಾಜ ಕೈಯೆತ್ತಿದ. ದಪ್ಪ ಗಿಟಾರಿನ ಮೇಲೆ ಎಲ್ಲೋ ಒಂದು ಎಳೆ, ಬೆಳಗಿನ ಬಿಸಿಲಿಗೆ ಕಂಡೂ ಕಾಣದ ಜೇಡರ ನೂಲಿನಂಥದ್ದು. ಇಷ್ಟೇನೇ ಎನ್ನುವಷ್ಟು ಸಣ್ಣದು. ಆದರೆ ಇತ್ತು. ನಿಂತಿತ್ತು. ಅವನ ಉಸಿರಿಗಿಂತ ಉದ್ದಕ್ಕೆ ನಿಂತಿತ್ತು. ಮುಗಿದ ಮೇಲೆ ಅಫ್ತಾಬನಿಗೆ ಕಣ್ಣು ತೋರಿಸಬಾರದೆಂದು ಎದ್ದು ಹೋಗಿ ಶಟರು ಎತ್ತಿದ. ಅದು ಮೊದಲೇ ಎತ್ತಿಯಾಗಿತ್ತು.

ಆ ದಿನ ಲೋಹಕರ್ಣ ಎರಡನೆಯ ಸಲ ಬರೆದ. ಕಿವಿಗೆ ಹತ್ತಿ ಇಟ್ಟುಕೊಂಡಿದ್ದವನು ಮಿಕ್ಸಿಂಗ್ ಮಾಡಿದವನಲ್ಲ, ತಾನು ಎಂದು ಬರೆದ. ಜಾರುಬಂಡೆಯ ಕಾಗದದ ಫೋಟೋ ಹಾಕಿದ. ಹೆಸರನ್ನೂ ಹಾಕಿದ: ಕೆಂಪರಾಜ್, ಬಾಣಸವಾಡಿ. ಹಾಡಿದವಳು ಹೆಂಗಸೆಂಬ ಕಾರಣಕ್ಕೆ ತನ್ನ ಬರಹದ ಕೆಳಗೆ ಬಂದು ಕುಣಿದವರನ್ನು ಅಂದೇ ಬೈಯಬೇಕಿತ್ತು, ಮೆಚ್ಚುಗೆಯ ಆಸೆಗೆ ಸುಮ್ಮನಿದ್ದೆ, ಅದನ್ನು ಕಿವಿಯ ಮೇಲೆ ಹೊರಿಸಲು ಬರುವುದಿಲ್ಲ ಎಂದು ಬರೆದ. ಅಂಕ ಹಾಕಲಿಲ್ಲ. ಆದರೆ ಎಂಟನೆಯ ಹಾಡು ಉದ್ದವಾಯಿತು ಎಂಬ ಒಂದು ಮಾತನ್ನು ಮಾತ್ರ ಬಿಡಲಾಗಲಿಲ್ಲ. ಅದು ಯಾವ ಕಿವಿಯಿಂದ ಕೇಳಿದರೂ ಉದ್ದವೇ.

ಮೆಚ್ಚಿದವರು ಹನ್ನೊಂದು ಜನ. 'ಎಷ್ಟಕ್ಕೆ ಸೇಲ್ ಆದೆ ಅಣ್ಣಾ' ಎಂದು ಹಳೆಯ ಅಭಿಮಾನಿ ಕೇಳಿದ. 'ಇಷ್ಟು ವರ್ಷ ಒಬ್ಬ ಕಿವುಡನ ಮಾತು ಕೇಳಿ ಆಲ್ಬಂ ಕೊಂಡೆವಾ' ಎಂದು ಇನ್ನೊಬ್ಬ ಕೈ ಮುಗಿಯುವ ಚಿತ್ರ ಹಾಕಿದ. ಅದು ನ್ಯಾಯವಾದ ಪ್ರಶ್ನೆಯೇ ಎಂದು ಕೆಂಪರಾಜ ಒಪ್ಪಿಕೊಂಡ. ಪ್ರತಿಭಾ ಒಂದೇ ಸಾಲು ಬರೆದಳು: 'ಎಂಟನೇ ಹಾಡು ಉದ್ದ ಅಂತ ಅವ್ವನೂ ಹೇಳ್ತಾಳೆ ಅಂಕಲ್.'

ಕೆಂಪರಾಜ ಇದನ್ನೆಲ್ಲ ಓದಿ ಹೇಳುತ್ತಿರುವಾಗ ಸುಕನ್ಯ, "ಅದೇನು ಹಾಡು ಅಷ್ಟೊಂದು, ನಂಗೂ ಹಾಕಿ," ಅಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳಾಗಿ ಕೇಳಿದ್ದು ಅದೇ ಮೊದಲು. ಅವಳು ಅವರೆಕಾಳು ಬಿಡಿಸುತ್ತ ಎರಡು ಹಾಡು ಪೂರ್ತಿ ಕೇಳಿದಳು. ಕೆಂಪರಾಜ ಎದುರಿಗೆ ಕೂತು, ವಿವರಿಸಲು ಬಾಯಿ ತೆರೆದದ್ದನ್ನು ಕಷ್ಟಪಟ್ಟು ಮುಚ್ಚಿಕೊಂಡ.

"ಹುಡುಗಿ ಚೆನ್ನಾಗಿ ಹಾಡ್ತಾಳೆ ರೀ. ದೇವಸ್ಥಾನದ ಗಂಟೆ ಥರ ಇದೆ ಗಂಟಲು. ಆದ್ರೆ ಅವ್ಳು ಅಷ್ಟು ಚೆಂದಾಗಿ ಹಾಡೋವಾಗ ಆ ಗಂಡಸರು ಯಾಕೆ ಹಂಗೆ ಬಡಿತಾರೆ? ಸ್ವಲ್ಪ ಹೊತ್ತು ಸುಮ್ನಿರೋಕೆ ಏನು ಕಷ್ಟ?"

ಇದಕ್ಕೆ ಅವನಲ್ಲಿ ನಲವತ್ತು ನಿಮಿಷದ ಉತ್ತರ ಸಿದ್ಧವಿತ್ತು. ಕೊಡಲಿಲ್ಲ. ಅವಳ ಮಾತನ್ನೇ, ಅವಳ ಹೆಸರು ಹಾಕಿ, ಬಳಗದಲ್ಲಿ ಬರೆದ. ಹತ್ತು ನಿಮಿಷಕ್ಕೆ ದಾಸವಾಳದ ಹೂವು ಬಂತು: 'ಖರೇ ಹೇಳಿದ್ರಿ ಅಕ್ಕಾರ. ನಾನೂ ಅದನ್ನ ಹೇಳೀನಿ, ಕೇಳೂದಿಲ್ರಿ.' ಸುಕನ್ಯ ಫೋನು ಕಸಿದುಕೊಂಡು, ನಿಮ್ಮ ಎಣಗಾಯಿ ಬಹಳ ರುಚಿಯಿತ್ತಂತೆ, ಹೇಗೆ ಮಾಡುತ್ತೀರಿ ಎಂದು ಕೇಳಿದಳು. ಅತ್ತಲಿಂದ ಗುರೆಳ್ಳಿನ ಲೆಕ್ಕ ಬಂತು, ಇತ್ತಲಿಂದ ಹಿದುಕಿದ ಬೇಳೆಯ ಸಾರು ಹೋಯಿತು. ತಲೆಬುರುಡೆಯ ಚಿತ್ರ ಹಾಕಿಕೊಂಡ ಯಾರೋ ಒಬ್ಬ ನಡುವೆ ಬಂದು ಬದನೆಕಾಯಿ ಯಾವುದು, ಉದ್ದದ್ದೋ ಗುಂಡಗಿನದೋ ಎಂದು ವಿನಯದಿಂದ ಕೇಳಿದ. ಗುಂಡಗಿನದು, ಮುಳ್ಳಿನ ತೊಟ್ಟಿನದು ಎಂದು ಶರಣವ್ವ ಹೇಳಿದರು.